ಅಸ್ಸಾಂಗೆ ಹೋದಾಗ ದಿಗ್ಬೋಯ್ ಎಣ್ಣೆಬಾವಿಗೆ ಒಂದು ದಿನ ಕೊಡಬಹುದಾ?

ಪೀಣ್ಯದ_ಅಳಿಯ:
ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಎಂಟು ದಿನ ಅಸ್ಸಾಂಗೆ ಹೊರಟಿದ್ದೇವೆ. ನಾನು, ಹೆಂಡತಿ, ಮಗಳು, ಜೊತೆಗೆ ನಮ್ಮ ಮಾವ. ಕಾಮಾಖ್ಯ, ಕಾಜಿರಂಗ, ಮಾಜುಲಿ ಅಂತ ಪ್ಲಾನ್ ಹಾಕಿದ್ದೆ. ಮಾವನಿಗೆ ತೋರಿಸಿದಾಗ ಒಂದೇ ಪ್ರಶ್ನೆ: "ದಿಗ್ಬೋಯ್ ಎಲ್ಲಿ?"

ಮಾವ ಪೀಣ್ಯದ ಒಂದು ಮಶಿನ್ ಶಾಪ್‌ನಲ್ಲಿ 34 ವರ್ಷ ಲೇತ್ ಓಡಿಸಿದವರು. ದಿಗ್ಬೋಯ್‌ನಲ್ಲಿ ಬ್ರಿಟಿಷರ ಕಾಲದ ಎಣ್ಣೆಬಾವಿ ಉಳಿಸಿದ್ದಾರೆ, ಪಕ್ಕದಲ್ಲಿ ಮ್ಯೂಸಿಯಂ ಇದೆ, ಹಳೇ ಯಂತ್ರಗಳನ್ನೆಲ್ಲ ಇಟ್ಟಿದ್ದಾರೆ ಅಂತ ಎಲ್ಲೋ ಓದಿದ್ದಾರಂತೆ. "ಘೇಂಡಾಮೃಗ ಟೀವಿಯಲ್ಲಿ ನೋಡಿದ್ದೀನಿ, ಅದು ಸಾಕು" ಅನ್ನುತ್ತಾರೆ. ಹೆಂಡತಿ ಅವರ ಮಗಳೇ ಆದರೂ, "ತುಕ್ಕು ಹಿಡಿದ ಕಬ್ಬಿಣ ನೋಡೋಕೆ ಮೂರು ಸಾವಿರ ಕಿಲೋಮೀಟರ್ ಯಾಕೆ, ಪೀಣ್ಯ ಎರಡನೇ ಹಂತಕ್ಕೆ ಹೋಗಿ" ಅಂದಳು. ನಾನು ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಯಾರಾದರೂ ಹೋಗಿದ್ದೀರಾ? ನಿಜವಾಗಲೂ ಒಂದು ದಿನ ಕೊಡುವಷ್ಟು ಇದೆಯಾ?

ಸುಮ್ನೆ_ಓದುಗ:
ಮಾವನ ಮಾತು ಕೇಳಿ. ಮನೆಯಲ್ಲಿ ನೆಮ್ಮದಿ ಇರುತ್ತೆ.

ಹಾಸನದ_ಹೈದ:
ಎಣ್ಣೆ ಮ್ಯೂಸಿಯಂ ಅಂತ ನೋಡಿ ನಾನು ಬೇರೆ ಎಣ್ಣೆ ಅಂದುಕೊಂಡು ಓಡಿ ಬಂದೆ. ಮೋಸ ಆಯ್ತು.

ಗಾಡಿ_ಪಯಣ:
ನಾನು ಕೆಲಸದ ಮೇಲೆ ತಿನ್ಸುಕಿಯಾದಲ್ಲಿ ಮೂರು ವರ್ಷ ಇದ್ದೆ. ದಿಗ್ಬೋಯ್‌ಗೆ ಐದಾರು ಸಲ ಹೋಗಿದ್ದೇನೆ. ಊರಿಂದ ಯಾರೇ ಬಂದರೂ ಕರೆದುಕೊಂಡು ಹೋಗುತ್ತಿದ್ದೆ. ತಿನ್ಸುಕಿಯಾದಿಂದ ಬರೀ ಒಂದು ಗಂಟೆ ದಾರಿ.

ಸರ್, ಮೊದಲು ಒಂದು ವಿಷಯ. ಅಲ್ಲಿನ ರಿಫೈನರಿ, ಅಂದರೆ ಎಣ್ಣೆ ಶುದ್ಧ ಮಾಡೋ ಜಾಗದ ಒಳಗೆ ಬಿಡುತ್ತಾರೆ ಅಂತ ಅಂದುಕೊಂಡು ಹೋಗಬೇಡಿ. ಅದು ಇವತ್ತಿಗೂ ಓಡುತ್ತಿರುವ ಕಾರ್ಖಾನೆ. 1901ರ ಡಿಸೆಂಬರ್‌ನಲ್ಲಿ ಶುರುವಾಗಿದ್ದು. ಜಗತ್ತಿನಲ್ಲಿ ಅಷ್ಟು ಹಳೆಯದಾಗಿದ್ದು ಇನ್ನೂ ಕೆಲಸ ಮಾಡುತ್ತಿರುವ ರಿಫೈನರಿಗಳು ಬೆರಳೆಣಿಕೆ ಮಾತ್ರ. 1981ರಿಂದ ಇಂಡಿಯನ್ ಆಯಿಲ್ ಕೈಯಲ್ಲಿದೆ. ನಾವು ನೋಡೋದು ಮೊದಲ ಬಾವಿಯ ಜಾಗ ಮತ್ತು ಅಲ್ಲಿರುವ ಶತಮಾನೋತ್ಸವ ಮ್ಯೂಸಿಯಂ. ಹಳೇ ಯಂತ್ರಗಳನ್ನು ಬಯಲಲ್ಲೇ ಇಟ್ಟಿದ್ದಾರೆ. ಸುತ್ತ ಮರ, ಹುಲ್ಲು.

ಆ ಮೊದಲ ಬಾವಿ ಕೊರೆಯೋಕೆ ಶುರು ಮಾಡಿದ್ದು 1889ರ ಸೆಪ್ಟೆಂಬರ್‌ನಲ್ಲಿ. ಮುಗಿದಿದ್ದು 1890ರ ನವೆಂಬರ್. ಆಳ 662 ಅಡಿ. ಸಿಕ್ಕಿದ್ದು ದಿನಕ್ಕೆ ಸುಮಾರು 200 ಗ್ಯಾಲನ್. ಈಗಿನ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಅಲ್ಲಿ ನಿಂತು ಸುತ್ತಲಿನ ಕಾಡು ನೋಡಿದರೆ, ಈ ಜಾಗಕ್ಕೆ ಬಾಯ್ಲರ್, ಪೈಪು, ಮರದ ದಿಮ್ಮಿ ಎಲ್ಲ ಹೇಗಪ್ಪಾ ತಂದರು ಅನ್ನಿಸುತ್ತೆ. ಲೇತ್ ಓಡಿಸಿದ ಮಾವನಿಗೆ ಅರ್ಧ ದಿನ ಸಾಕಾಗೋದಿಲ್ಲ. ನಿಮ್ಮ ಹೆಂಡತಿಗೆ ಅರ್ಧ ಗಂಟೆ ಜಾಸ್ತಿ ಆಗುತ್ತೆ.

ಬಾಳೆಹೊನ್ನೂರು_ಭಟ್ಟ:
ಆನೆ ಕಥೆ ಹೇಳೋದು ಮರೆತಿರಲ್ಲ ಸರ್! ದಿಮ್ಮಿ ಎಳೆಯುತ್ತಿದ್ದ ಆನೆ ಕಾಡಿಂದ ವಾಪಸ್ ಬಂದಾಗ ಕಾಲಿಗೆ ಕಪ್ಪು ಎಣ್ಣೆ ಮೆತ್ತಿಕೊಂಡಿತ್ತು. ಆ ಹೆಜ್ಜೆ ಜಾಡು ಹಿಡಿದು ಹೋಗಿ ಎಣ್ಣೆ ಕಂಡುಹಿಡಿದರು. ಬ್ರಿಟಿಷ್ ಇಂಜಿನಿಯರ್ ಕೂಲಿ ಹುಡುಗನಿಗೆ "ಡಿಗ್ ಬಾಯ್, ಡಿಗ್" ಅಂತ ಕೂಗಿದ್ದಕ್ಕೇ ಊರಿಗೆ ಡಿಗ್ಬಾಯ್, ದಿಗ್ಬೋಯ್ ಅಂತ ಹೆಸರು ಬಂತು.

ಹಳೇ_ನಕ್ಷೆ:
ಭಟ್ರೇ, ಕಥೆ ಚೆನ್ನಾಗಿದೆ. ಆದರೆ ಹೆಸರಿನ ಭಾಗ ನನಗಂತೂ ನಂಬಿಕೆ ಇಲ್ಲ. ಆ ಕಡೆಯ ನದಿಗಳ ಹೆಸರು ನೋಡಿ: ದಿಬ್ರು, ದಿಹಿಂಗ್, ದಿಸಾಂಗ್, ದಿಖೌ. ಬೋಡೋ ಗುಂಪಿನ ಭಾಷೆಗಳಲ್ಲಿ 'ದಿ' ಅಂದರೆ ನೀರು. ಇಂಗ್ಲಿಷ್‌ನವನು ಬಂದು "ಅಗೆಯೋ" ಅನ್ನುವ ತನಕ ಅಲ್ಲಿನ ಹಳ್ಳಕ್ಕೆ ಹೆಸರೇ ಇರಲಿಲ್ವಾ? ನಮ್ಮಲ್ಲೂ ಬೆಂದ ಕಾಳು ಕೊಟ್ಟಿದ್ದಕ್ಕೆ ಬೆಂಗಳೂರು ಆಯ್ತು ಅಂತ ಹೇಳುತ್ತಾರೆ. ವೀರಬಲ್ಲಾಳನಿಗಿಂತ ಮುಂಚಿನ ಬೇಗೂರು ಶಾಸನದಲ್ಲೇ ಬೆಂಗಳೂರು ಅಂತ ಇದೆ, ಅಷ್ಟೇ.

ಎಣ್ಣೆ ಇರೋದೂ ಆನೆ ಕಾಲಿನಿಂದಲೇ ಗೊತ್ತಾಗಬೇಕಿರಲಿಲ್ಲ. 1825ರಲ್ಲೇ ವಿಲ್ಕಾಕ್ಸ್ ಅನ್ನುವ ಬ್ರಿಟಿಷ್ ಸೇನಾಧಿಕಾರಿ ದಿಹಿಂಗ್ ನದಿ ಪಕ್ಕ ನೆಲದಿಂದ ಎಣ್ಣೆ ಜಿನುಗೋದನ್ನ ಬರೆದಿಟ್ಟಿದ್ದಾನೆ. ಸ್ಥಳೀಯರಿಗೆ ಅದಕ್ಕೂ ಮೊದಲೇ ಗೊತ್ತಿದ್ದಿರಬೇಕು, ಅಲ್ವಾ?

ಬಾಳೆಹೊನ್ನೂರು_ಭಟ್ಟ:
ಆನೆನಾದರೂ ಬಿಡಿ ಸ್ವಾಮಿ. ಮಕ್ಕಳಿಗೆ ಹೇಳೋಕೆ ಬೇಕು.

ಹಳೇ_ನಕ್ಷೆ:
ಆನೆ ಇತ್ತು. ಸಾಮಾನು ಎಳೆದಿದ್ದು ಆನೆಗಳೇ. ಅಸ್ಸಾಂ ರೈಲ್ವೇಸ್ ಅಂಡ್ ಟ್ರೇಡಿಂಗ್ ಕಂಪನಿ ಅಲ್ಲಿಗೆ ಹೋಗಿದ್ದೇ ಕಲ್ಲಿದ್ದಲು ಮತ್ತು ಮರಕ್ಕಾಗಿ, ರೈಲು ಹಾಕೋಕೆ. ಎಣ್ಣೆ ನಂತರ ಬಂತು. ಪಕ್ಕದ ಊರು ಮಾರ್ಘೆರಿಟಾ. ಇಟಲಿಯ ರಾಣಿ ಹೆಸರು! ರೈಲು ಕೆಲಸದ ಮುಖ್ಯ ಇಂಜಿನಿಯರ್ ಇಟಲಿಯವನು, ಅವನ ಗೌರವಕ್ಕೆ ಇಟ್ಟಿದ್ದು. ಇದು ದಂತಕಥೆ ಅಲ್ಲ.

ಕುಡ್ಲದವ:
"ಏಷ್ಯಾದ ಮೊದಲ ಎಣ್ಣೆಬಾವಿ" ಅಂತ ದಿಗ್ಬೋಯ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅದು ಸರಿನಾ?

ಹಳೇ_ನಕ್ಷೆ:
ಒಳ್ಳೇ ಪ್ರಶ್ನೆ. 'ಮೊದಲ' ಅನ್ನೋ ಪದ ಇದ್ದ ಕಡೆ ಜಗಳ ಖಾತ್ರಿ.

ಅಸ್ಸಾಂನಲ್ಲೇ ದಿಗ್ಬೋಯ್‌ಗಿಂತ ಮುಂಚೆ ಕೊರೆದಿದ್ದಾರೆ. 1866ರಲ್ಲಿ ಗುಡ್‌ಇನಫ್ ಅನ್ನುವವನು ಅಸ್ಸಾಂನದ್ದೇ ಜಯ್‌ಪುರದ ಹತ್ತಿರ ನಾಹರ್‌ಪುಂಗ್‌ನಲ್ಲಿ ಕೊರೆಸಿದ. ಹೇಳಿಕೊಳ್ಳುವಂಥದ್ದು ಸಿಗಲಿಲ್ಲ. 1867ರ ಮಾರ್ಚ್‌ನಲ್ಲಿ ಮಾಕುಂನಲ್ಲಿ 118 ಅಡಿಗೆ ಎಣ್ಣೆ ಬಂತು. ಆದರೆ ವ್ಯಾಪಾರವಾಗಿ ನಿಲ್ಲಲಿಲ್ಲ. ದಿಗ್ಬೋಯ್ ಗೆದ್ದಿದ್ದು ಅಲ್ಲೇ: ಸಿಕ್ಕಿತು, ಮುಂದುವರಿಯಿತು, ಪಕ್ಕದಲ್ಲೇ ರಿಫೈನರಿ ಬಂತು, ಊರು ಹುಟ್ಟಿತು.

ಬರ್ಮಾದ ಯೆನಾಂಜಾಂಗ್‌ನಲ್ಲಂತೂ ತುಂಬಾ ಹಿಂದಿನಿಂದ ಕೈಯಲ್ಲೇ ಎಣ್ಣೆಬಾವಿ ತೋಡುತ್ತಿದ್ದರು. 24 ಮನೆತನಗಳಿಗೆ ವಂಶಪಾರಂಪರ್ಯವಾಗಿ ಆ ಹಕ್ಕು ಇತ್ತು. ಹಗ್ಗ ಕಟ್ಟಿಕೊಂಡು ಒಳಗೆ ಇಳಿಯೋದು, ಅನಿಲದಿಂದ ತಲೆ ತಿರುಗೋ ಮುಂಚೆ ಮೇಲೆ ಎಳೆಸಿಕೊಳ್ಳೋದು. ಇನ್ನು ಕ್ಯಾಸ್ಪಿಯನ್ ಸಮುದ್ರದ ದಡದ ಬಾಕುನಲ್ಲಿ 1840ರ ದಶಕದಲ್ಲೇ ಯಂತ್ರದಿಂದ ಕೊರೆದಿದ್ದಾರೆ. ಬಾಕು ಏಷ್ಯಾನಾ ಯುರೋಪಾ ಅಂತ ಕೇಳಿದರೆ ಅದು ಇನ್ನೊಂದು ಜಗಳ.

ಕುಡ್ಲದವ:
ಹಾಗಾದರೆ ಬೋರ್ಡ್ ಮೇಲೆ "ನಿಲ್ಲದೆ ನಡೆದ ಮೊದಲ" ಅಂತ ಬರೆಯಬೇಕು. ಉದ್ದ ಆಗುತ್ತೆ.

ರಿಗ್ಗು_ಬಸಣ್ಣ:
ನಾನು ಚಿಂತಾಮಣಿ ಕಡೆ ಬೋರ್‌ವೆಲ್ ಕೆಲಸ ಮಾಡಿಸುವವನು. 662 ಅಡಿಗೆ ಹದಿನಾಲ್ಕು ತಿಂಗಳಾ?? ನಮ್ಮ ಲಾರಿ ಬೆಳಿಗ್ಗೆ ನಿಲ್ಲಿಸಿದರೆ ಸಂಜೆಗೆ 700 ಅಡಿ ಹೊಡೆದಿರುತ್ತೆ. ಅದೂ ಗಟ್ಟಿ ಬಂಡೆಯಲ್ಲಿ. ನೀರು ಬರೋದು ಬಿಡೋದು ದೇವರ ಇಷ್ಟ.

ಗಾಡಿ_ಪಯಣ:
ಬಸಣ್ಣ, ನಿಮ್ಮ ಲಾರಿಯಲ್ಲಿ ಕಂಪ್ರೆಸರ್ ಇದೆ. ಬಿಟ್, ಅಂದರೆ ಕೊರೆಯೋ ತುದಿ, ತಿರುಗುತ್ತಾ ಹ್ಯಾಮರ್ ಹೊಡೆಯುತ್ತೆ, ಪುಡಿನೆಲ್ಲ ಗಾಳಿನೇ ಮೇಲಕ್ಕೆ ಊದುತ್ತೆ. ಆಗ ಇದ್ದದ್ದು ಉಳಿ ಥರದ ಭಾರದ ಕಬ್ಬಿಣ. ಹಗ್ಗಕ್ಕೆ ಕಟ್ಟಿ ಎತ್ತೋದು, ಬಿಡೋದು. ಎತ್ತೋದು, ಬಿಡೋದು. ಹಬೆ ಎಂಜಿನ್ ಆ ಕೆಲಸ ಮಾಡುತ್ತಿತ್ತು. ಸ್ವಲ್ಪ ಕುಟ್ಟಿದ ಮೇಲೆ ಉಳಿ ಹೊರಗೆ ತೆಗೆದು, ತಳದಲ್ಲಿ ಬಾಗಿಲಿರುವ ಉದ್ದ ಕೊಳವೆ ಇಳಿಸಿ ಕೆಸರು ಎತ್ತಬೇಕು. ಮತ್ತೆ ಉಳಿ ಇಳಿಸಬೇಕು. ಹಗ್ಗ ತುಂಡಾದರೆ ಒಳಗೆ ಬಿದ್ದಿದ್ದನ್ನ ಹಿಡಿಯೋಕೆ ವಾರಗಟ್ಟಲೆ ಗಾಳ ಹಾಕಬೇಕು. ಜೊತೆಗೆ ಅಸ್ಸಾಂ ಮಳೆ, ಮಲೇರಿಯಾ.

ರಿಗ್ಗು_ಬಸಣ್ಣ:
ಗಾಳ ಹಾಕೋದು ಇವತ್ತೂ ಇದೆ ಸರ್. ರಾಡ್ ಒಳಗೆ ಕಳಚಿಕೊಂಡರೆ ನಮಗೂ ಅದೇ ಗತಿ. ನಮ್ಮ ತಂದೆ ಕಾಲದಲ್ಲಿ ಕೈಬೋರ್ ಅಂತ ಇತ್ತು, ನಾಲ್ಕು ಜನ ತಿರುಗಿಸುತ್ತಿದ್ದರು. ಅದು ಮೆತ್ತನೆ ಮಣ್ಣಿಗೆ ಸರಿ. ಹೋಗಲಿ, ಪಾಯಿಂಟ್ ಮಾಡಿದ್ದು ಯಾರು ಅಲ್ಲಿ? ತೆಂಗಿನಕಾಯಿ ಹಿಡಿದವರಾ?

ಬಾಳೆಹೊನ್ನೂರು_ಭಟ್ಟ:
ಆನೆ!!

ರಿಗ್ಗು_ಬಸಣ್ಣ:
ಆನೆ ನಮಗೂ ಒಂದು ಕೊಡಿಸಿ. ಕಾಯಿಗಿಂತ ವಾಸಿ.

ಪಿಟ್ಸ್‌ಬರ್ಗ್_ಪುಟ್ಟಿ:
ಬಸಣ್ಣ ಅವರ ಮಾತು ಓದಿ ನನ್ನ ಅನುಭವ ಬರೆಯೋಣ ಅನ್ನಿಸಿತು. ನಾವಿರೋದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಇಲ್ಲಿಂದ ಎರಡು ಗಂಟೆ ದೂರದಲ್ಲಿ ಟೈಟಸ್‌ವಿಲ್ ಅಂತ ಊರು. ಡ್ರೇಕ್ ಅನ್ನುವವನು 1859ರ ಆಗಸ್ಟ್ 27ರಂದು ಎಣ್ಣೆ ಹೊಡೆದ ಜಾಗ. ಆಳ ಎಷ್ಟು ಗೊತ್ತಾ? 69 ಅಡಿ 6 ಇಂಚು! ನಮ್ಮ ಅಜ್ಜಿ ಮನೆ ಸೇದೋ ಬಾವಿಗಿಂತ ಸ್ವಲ್ಪ ಜಾಸ್ತಿ.

ಅವನ ಬುದ್ಧಿ ಇದ್ದದ್ದು ಆಳದಲ್ಲಿ ಅಲ್ಲ. ತೊರೆ ಪಕ್ಕದ ಜಾಗ, ಮರಳು ಕುಸಿದು ಗುಂಡಿ ಮುಚ್ಚಿಹೋಗುತ್ತಿತ್ತು. ಮೊದಲು ಕಬ್ಬಿಣದ ಪೈಪನ್ನ ಬಂಡೆ ತನಕ ಹೊಡೆದು ಇಳಿಸಿ, ಅದರೊಳಗೆ ಕೊರೆದ. ಬಸಣ್ಣ, ನೀವು ಈಗಲೂ ಮಾಡೋದು ಅದೇ ಅಲ್ವಾ?

ಮೂಲ ಕಟ್ಟಡ ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಟ್ಟು ಹೋಯಿತು. ಈಗಿರೋದು ಆ ಜಾಗದಲ್ಲಿ ಮತ್ತೆ ಕಟ್ಟಿದ ಮರದ ಗೋಪುರ ಮತ್ತು ಎಂಜಿನ್ ಮನೆ. ನಾವು ಹೋದಾಗ ಎಂಜಿನ್ ಓಡಿಸಿ ತೋರಿಸಿದರು. ನನ್ನ ಮಗ ಅಲ್ಲಿಂದ ಬರೋಕೆ ಒಪ್ಪಲಿಲ್ಲ. ಪಾಪ ಡ್ರೇಕ್, ಪೇಟೆಂಟೂ ಮಾಡಿಸಲಿಲ್ಲ, ದುಡ್ಡೂ ಉಳಿಸಲಿಲ್ಲ. ಕೊನೆಗೆ 1873ರಲ್ಲಿ ರಾಜ್ಯ ಸರ್ಕಾರ ವರ್ಷಕ್ಕೆ 1500 ಡಾಲರ್ ಪಿಂಚಣಿ ಕೊಟ್ಟಿತು. 'ಕರ್ನಲ್ ಡ್ರೇಕ್' ಅನ್ನುತ್ತಾರೆ, ಆದರೆ ಸೈನ್ಯದಲ್ಲಿ ಅವನು ಕರ್ನಲ್ ಆಗಿರಲೇ ಇಲ್ಲ. ಊರಿನವರ ಮುಂದೆ ತೂಕ ಬರಲಿ ಅಂತ ಕಂಪನಿಯವರು ಪತ್ರದ ಮೇಲೆ ಹಾಗೆ ಬರೆದು ಕಳಿಸಿದ್ದು.

ಆದರೆ ನನಗೆ ಮನಸ್ಸಿಗೆ ತಾಗಿದ್ದು ಅಲ್ಲೇ ಹತ್ತಿರದ ಪಿಟ್‌ಹೋಲ್. 1865ರಲ್ಲಿ ಕೆಲವೇ ತಿಂಗಳಲ್ಲಿ ಸುಮಾರು 15,000 ಜನ ಸೇರಿದ ಊರು. ಎಣ್ಣೆ ಮುಗಿಯಿತು, ಬೆಂಕಿ ಬಿತ್ತು, ಜನ ಹೋದರು. ಈಗ ಬರೀ ಹುಲ್ಲುಗಾವಲು. ಬೀದಿಗಳಿದ್ದ ಕಡೆ ಮಾತ್ರ ಹುಲ್ಲು ಕತ್ತರಿಸಿ ದಾರಿ ಬಿಟ್ಟಿದ್ದಾರೆ. ಇಲ್ಲಿ ಹೋಟೆಲ್ ಇತ್ತು, ಇಲ್ಲಿ ಚರ್ಚ್ ಇತ್ತು ಅಂತ ಫಲಕ. ನನ್ನ ಯಜಮಾನರು "ಏನಿದೆ ಇಲ್ಲಿ ನೋಡೋಕೆ" ಅಂದರು. ಏನೂ ಇಲ್ಲದ್ದನ್ನ ನೋಡೋಕೇ ಬಂದಿರೋದು ಅಂದೆ.

ರಿಗ್ಗು_ಬಸಣ್ಣ:
ಹೌದು ಮೇಡಂ, ಕೇಸಿಂಗ್ ಪೈಪ್. ಬಂಡೆ ಸಿಗೋ ತನಕ ಕೇಸಿಂಗ್, ಆಮೇಲೆ ಓಪನ್. ಅಡಿ ಲೆಕ್ಕದಲ್ಲಿ ರೇಟು. ಆ ಪುಣ್ಯಾತ್ಮನೂ ಅದನ್ನೇ ಮಾಡಿದ್ದು ಅಂತ ಇವತ್ತು ಗೊತ್ತಾಯ್ತು.

ಚಾಂಪಿಯನ್_ರೀಫ್:
ನಾನು ಕೆಜಿಎಫ್‌ನವನು. ಈ ಚರ್ಚೆ ಓದುತ್ತಾ ಹೊಟ್ಟೆ ಉರಿಯುತ್ತಿದೆ. ದಿಗ್ಬೋಯ್ ಫೋಟೋ ನೋಡಿದರೆ ನಮ್ಮ ಊರೇ ಅನ್ನಿಸುತ್ತೆ. ಅದೇ ಗುಡ್ಡದ ಮೇಲಿನ ಬಂಗಲೆ, ಅದೇ ಕ್ಲಬ್ಬು, ಅದೇ ಗಾಲ್ಫ್ ಮೈದಾನ. ಜಾನ್ ಟೇಲರ್ ಕಂಪನಿ ನಮ್ಮಲ್ಲಿಗೆ ಬಂದಿದ್ದು 1880ರಲ್ಲಿ. ಶಿವನಸಮುದ್ರದಿಂದ ಕರೆಂಟು ಬಂದಿದ್ದು 1902ರಲ್ಲಿ, ಅಂದರೆ ದಿಗ್ಬೋಯ್ ರಿಫೈನರಿ ಶುರುವಾದ ಮರುವರ್ಷ. 3 ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದ ಚಿನ್ನದ ಗಣಿ ನಮ್ಮದು. 2001ರ ಫೆಬ್ರವರಿ 28ಕ್ಕೆ ಮುಚ್ಚಿದರು. ಈಗ ನೋಡೋಕೆ ಏನಿದೆ? ಸಯನೈಡ್ ಮಣ್ಣಿನ ಗುಡ್ಡ. ಸಿನಿಮಾದವರು ಬಂದು ಹಾಡು ತೆಗೆದುಕೊಂಡು ಹೋಗುತ್ತಾರೆ.

ಅಲ್ಲಿ ಬಾವಿ ಉಳಿಸಿದ್ದಾರೆ, ಇಲ್ಲಿ ಗಣಿಗೆ ಇಳಿಯೋ ಶಾಫ್ಟ್ ಉಳಿಸೋಕೆ ಯಾಕೆ ಆಗಲಿಲ್ಲ?

ಕುಡ್ಲದವ:
ಸರ್, ಅಲ್ಲಿ ಇನ್ನೂ ಎಣ್ಣೆ ಕೆಲಸ ನಡೆಯುತ್ತಿದೆ. ಓಡುವ ಕಂಪನಿ ಇದ್ದರೆ ಮ್ಯೂಸಿಯಂಗೆ ಹುಲ್ಲು ಕತ್ತರಿಸೋ ದುಡ್ಡು ಇರುತ್ತೆ. ಗಣಿ ಮುಚ್ಚಿದ ಮೇಲೆ ಯಾರು ಕತ್ತರಿಸಬೇಕು?

ಚಾಂಪಿಯನ್_ರೀಫ್:
ಈಗಷ್ಟೇ ಪಿಟ್‌ಹೋಲ್ ಕಥೆ ಓದಿದಿರಲ್ಲ. ಅಲ್ಲಿ ಕಂಪನಿಯೂ ಇಲ್ಲ, ಊರೂ ಇಲ್ಲ. ಆದರೂ ಹುಲ್ಲು ಕತ್ತರಿಸಿದ್ದಾರೆ. ದುಡ್ಡಿನ ಪ್ರಶ್ನೆ ಅಲ್ಲ ಸರ್. ನಮ್ಮ ತಾತ ಗಣಿಯಲ್ಲಿ ಶ್ವಾಸಕೋಶ ಕಳೆದುಕೊಂಡರು. ಅವರು ಇಳಿಯುತ್ತಿದ್ದ ಲಿಫ್ಟ್ ಪಂಜರವನ್ನ ನನ್ನ ಮಗನಿಗೆ ತೋರಿಸಬೇಕು ಅಂದರೆ ಆಗೋದಿಲ್ಲ. ಅಷ್ಟೇ ನನ್ನ ತಕರಾರು.

ಕುಡ್ಲದವ:
ಸರಿ, ಒಪ್ಪಿದೆ. ಹಗುರವಾಗಿ ಬರೆದೆ.

ಕೆಂಪು_ಮಣ್ಣು:
ತಾತನ ಮಾತು ಬಂತಲ್ಲ, ಅದೇ ಸರಿಯಾದ ಮಾತು. ಇಂಥ ಜಾಗಗಳಿಗೆ ಹೋದಾಗ ಬಂಗಲೆ ಎಷ್ಟು ಚಂದ ಅಂತ ಫೋಟೋ ತೆಗೆದುಕೊಂಡು ಬರುತ್ತೇವೆ. ದಿಗ್ಬೋಯ್‌ನಲ್ಲಿ 1939ರಲ್ಲಿ ಕಾರ್ಮಿಕರ ದೊಡ್ಡ ಮುಷ್ಕರ ಆಯಿತು. ತಿಂಗಳುಗಟ್ಟಲೆ ನಡೆಯಿತು. ಗುಂಡು ಹಾರಿಸಿದರು, ಕಾರ್ಮಿಕರು ಸತ್ತರು. ಯುದ್ಧ ಶುರುವಾದ ಮೇಲೆ ಅದನ್ನ ಹತ್ತಿಕ್ಕಿದರು. ಆಗ ದಿಗ್ಬೋಯ್ ಬರ್ಮಾ ಆಯಿಲ್ ಅನ್ನುವ ಬ್ರಿಟಿಷ್ ಕಂಪನಿ ಕೈಯಲ್ಲಿತ್ತು. ಮಾವನ ಜೊತೆ ಹೋಗುತ್ತಿದ್ದೀರಿ, ಅವರೂ ಕೆಲಸಗಾರರು. ಇದನ್ನೂ ಓದಿಕೊಂಡು ಹೋಗಿ.

ಸುಮ್ನೆ_ಓದುಗ:
ಪ್ರವಾಸದ ಪ್ರಶ್ನೆಗೆ ರಾಜಕೀಯ ಯಾಕೆ?

ಕೆಂಪು_ಮಣ್ಣು:
ಬಾವಿ ತಾನಾಗೇ ತೋಡಿಕೊಳ್ಳೋದಿಲ್ಲ. ಅದಕ್ಕೆ.

ಧಾರವಾಡ_ಪೇಡೆ:
ಎಲ್ಲರೂ ಒಂದು ಮಾತು ಮರೆತಿದ್ದೀರಿ. ಆಗ ಈ ಎಣ್ಣೆ ಬೇಕಾಗಿದ್ದು ಕಾರಿಗಲ್ಲ, ದೀಪಕ್ಕೆ! ನಮ್ಮ ಕಡೆ ಚಿಮಣಿ ಎಣ್ಣೆ ಅನ್ನುತ್ತಾರೆ, ನಿಮ್ಮ ಕಡೆ ಸೀಮೆಎಣ್ಣೆ. ಮೊದಮೊದಲು ಪೆಟ್ರೋಲ್ ಬೇಡದ ವಸ್ತು. ಕಾರು ಬಂದ ಮೇಲೆ ಅದರ ಭಾಗ್ಯ ತೆರೆಯಿತು. ದಿಗ್ಬೋಯ್ ಎಣ್ಣೆಯಲ್ಲಿ ಮೇಣ ಜಾಸ್ತಿ. ಅಲ್ಲಿಂದ ಈಗಲೂ ಮೇಣ ಬರುತ್ತೆ. ಕರೆಂಟು ಹೋದಾಗ ಹಚ್ಚೋ ಮೇಣದಬತ್ತಿಗೂ ಆ ಊರಿಗೂ ನಂಟು ಇರಬಹುದು.

ಬಾಳೆಹೊನ್ನೂರು_ಭಟ್ಟ:
ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಪರದೇಶದಿಂದ ಬಂದದ್ದೆಲ್ಲ ಸೀಮೆ. ದಿಗ್ಬೋಯ್‌ನಿಂದ ಬಂದರೆ ಅದು ನಮ್ಮದೇ ಎಣ್ಣೆ, ಸೀಮೆಎಣ್ಣೆ ಅನ್ನೋ ಹಾಗಿಲ್ಲ!

ಧಾರವಾಡ_ಪೇಡೆ:
ಭಟ್ರೇ, ಎಣ್ಣೆ ಖಾಲಿಯಾದ ಚೌಕದ ಡಬ್ಬ ನೆನಪಿದೆಯಾ? ನಮ್ಮ ಮನೆಯಲ್ಲಿ ಅದಕ್ಕೆ ಹಿಡಿ ಹಾಕಿಸಿ ನೀರು ತರುತ್ತಿದ್ದರು. ಎಷ್ಟು ತಿಕ್ಕಿದರೂ ವಾಸನೆ ಹೋಗುತ್ತಿರಲಿಲ್ಲ. ಆಮೇಲೆ ಬಡಿದು ತಗಡು ಮಾಡಿ ಕೋಳಿಗೂಡಿಗೆ ಹೊದಿಸಿದರು.

ಗಾಡಿ_ಪಯಣ:
ವಿಷಯಕ್ಕೆ ವಾಪಸ್ ಬರೋಣ. ಅಳಿಯಂದಿರೇ, ಒಂದೆರಡು ಉಪಯೋಗದ ಮಾತು.

ಅಲ್ಲಿ ಹೊತ್ತು ಬೇಗ ಮುಳುಗುತ್ತೆ. ಫೆಬ್ರವರಿಯಲ್ಲಿ ಐದೂಕಾಲಿನ ಹೊತ್ತಿಗೆ ಕತ್ತಲು ಶುರು. ಚಹಾ ತೋಟದವರು ಗಡಿಯಾರವನ್ನೇ ಒಂದು ಗಂಟೆ ಮುಂದೆ ಇಟ್ಟುಕೊಳ್ಳುತ್ತಾರೆ, ಬಾಗಾನ್ ಟೈಮ್ ಅಂತ. ನೀವೂ ಬೆಳಿಗ್ಗೆ ಬೇಗ ಹೊರಡಿ. ಮ್ಯೂಸಿಯಂಗೆ ವಾರದ ರಜೆ ಇರುತ್ತೆ, ವಿಚಾರಿಸಿಕೊಂಡು ಹೋಗಿ. ನಾನೇ ಒಮ್ಮೆ ಮುಚ್ಚಿದ ಗೇಟಿನ ಮುಂದೆ ನಿಂತು ನೆಂಟರಿಗೆ ಬೈಸಿಕೊಂಡಿದ್ದೇನೆ.

ಊರಲ್ಲೇ ಎರಡನೇ ಮಹಾಯುದ್ಧದ ಸಮಾಧಿ ಸ್ಥಳ ಇದೆ, ಸುಮಾರು 200 ಸಮಾಧಿ. 1942ರಲ್ಲಿ ಜಪಾನಿಯರು ಬಂದಾಗ ಬ್ರಿಟಿಷರು ಹಿಂದೆ ಸರಿಯುತ್ತಾ ಬರ್ಮಾದ ಎಣ್ಣೆ ಬಾವಿಗಳನ್ನ ತಾವೇ ನಾಶ ಮಾಡಿದರು. ಆಮೇಲೆ ಆ ಗಡಿಗೆ ಹತ್ತಿರ ಉಳಿದಿದ್ದು ದಿಗ್ಬೋಯ್ ಎಣ್ಣೆಯೇ. ಮುಂದೆ ಮಾರ್ಘೆರಿಟಾ ದಾಟಿದರೆ ಲೇಡೋ. ಚೀನಾ ಕಡೆಗೆ ಹೊರಟ ಸ್ಟಿಲ್‌ವೆಲ್ ರಸ್ತೆ ಶುರುವಾಗೋದು ಅಲ್ಲಿಂದ. ಅಲ್ಲಿಂದಾಚೆ ಅರುಣಾಚಲಕ್ಕೆ ಕಾಲಿಡೋಕೆ ಪರ್ಮಿಟ್ ಬೇಕು.

ನಿಮ್ಮ ಹೆಂಡತಿಗೆ ದೆಹಿಂಗ್ ಪಟ್ಕಾಯ್ ಕಾಡು ತೋರಿಸಿ. ದಿಗ್ಬೋಯ್‌ಗೆ ತುಂಬಾ ಹತ್ತಿರ. ಅಪ್ಪ ಮಗಳು ಇಬ್ಬರಿಗೂ ಸಮಾಧಾನ.

ಸುಮ್ನೆ_ಓದುಗ:
ಬೆಂಗಳೂರಿಂದ ರೈಲಿದೆಯಾ?

ಗಾಡಿ_ಪಯಣ:
ನ್ಯೂ ತಿನ್ಸುಕಿಯಾಕ್ಕೆ ವಾರಕ್ಕೊಂದು ಇದೆ. ಎರಡೂವರೆ ದಿನದ ಮೇಲೆ. ಪುಳಿಯೋಗರೆ ಎರಡು ದಿನ ಕೆಡೋದಿಲ್ಲ, ಉಳಿದ ಅರ್ಧ ದಿನ ನಿಮ್ಮ ಅದೃಷ್ಟ. ವಿಮಾನ ಆದರೆ ದಿಬ್ರುಗಢಕ್ಕೆ.

ಪೀಣ್ಯದ_ಅಳಿಯ:
ಎಲ್ಲರಿಗೂ ಥ್ಯಾಂಕ್ಸ್. ಮಾಜುಲಿ ಒಂದು ದಿನ ಕಡಿಮೆ ಮಾಡಿ ದಿಗ್ಬೋಯ್ ಸೇರಿಸಿದ್ದೇನೆ. ಹೋಗಿ ಬಂದು ಬರೆಯುತ್ತೇನೆ.

ಪೀಣ್ಯದ_ಅಳಿಯ:
ಹೋಗಿ ಬಂದೆವು. ಬರೆಯೋದು ತಡವಾಯಿತು, ಕ್ಷಮಿಸಿ.

ಬೆಳಿಗ್ಗೆ ಜಿನುಗು ಮಳೆ. ಮ್ಯೂಸಿಯಂ ತೆರೆಯೋ ಮುಂಚೆಯೇ ಮಾವ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತಿದ್ದರು. ಒಳಗೆ ಹೋದ ಮೇಲೆ ಫೋಟೋ, ಫಲಕ ಯಾವುದನ್ನೂ ನೋಡಲಿಲ್ಲ. ನೇರ ಬಯಲಿನ ಯಂತ್ರಗಳ ಹತ್ತಿರ. ಒಂದೊಂದರ ಸುತ್ತ ಎರಡೆರಡು ಸುತ್ತು. ಬೆಲ್ಟ್ ಎಲ್ಲಿ ಕೂರುತ್ತೆ, ಯಾವುದು ತಿರುಗಿದರೆ ಯಾವುದು ಏಳುತ್ತೆ ಅಂತ ನನ್ನ ಮಗಳಿಗೆ ಕೈಯಲ್ಲೇ ತೋರಿಸಿದರು. ಅವಳು ಮೊಬೈಲ್ ಬ್ಯಾಗಿಗೆ ಹಾಕಿದ್ದು ಈ ಪ್ರವಾಸದಲ್ಲಿ ಅದೊಂದೇ ಸಲ. ಹೆಂಡತಿ ಅರ್ಧ ಗಂಟೆಗೆ ಸುಸ್ತಾದಳು, ಗಾಡಿ ಪಯಣ ಸರ್ ಹೇಳಿದ ಹಾಗೆಯೇ. ಆಮೇಲೆ ಅಪ್ಪನನ್ನೇ ನೋಡುತ್ತಾ ಕೂತಿದ್ದಳು.

ಮೊದಲ ಬಾವಿಯ ಹತ್ತಿರ ಮಾವ ಒಂದು ಪ್ರಶ್ನೆ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. "ಹದಿನಾಲ್ಕು ತಿಂಗಳು ಕುಟ್ಟಿದ್ದಾರೆ ಅಂದರೆ ಉಳಿ ಎಷ್ಟು ಸಲ ಮೊಂಡಾಗಿರಬೇಕು? ಅದನ್ನ ಚೂಪು ಮಾಡಿಕೊಟ್ಟವನು ಯಾರು?" ಬಸಣ್ಣ, ನಿಮಗೆ ಗೊತ್ತಿದ್ದರೆ ಹೇಳಿ. ದಿನಾ ಕೇಳುತ್ತಿದ್ದಾರೆ.

ರಿಗ್ಗು_ಬಸಣ್ಣ:
ನಮ್ಮ ಬಿಟ್‌ಗೆ ಕಾರ್ಬೈಡ್ ಬಟನ್, ಅಂದರೆ ತುಂಬಾ ಗಟ್ಟಿ ಗುಂಡಿಗಳು ಇರುತ್ತೆ, ಗ್ರೈಂಡರ್ ಹಿಡಿದರೆ ಆಯ್ತು. ಹಳೇ ಕಾಲದ್ದು ಕುಲುಮೆಗೇ ಹಾಕಬೇಕು. ಕೆಂಪಗೆ ಕಾಯಿಸಿ, ಇಬ್ಬರು ಸುತ್ತಿಗೆಯಲ್ಲಿ ಬಡಿದು ಅಂಚು ಎಬ್ಬಿಸಿ, ಹದ ಹಾಕಬೇಕು. ಹದ ಹೆಚ್ಚಾದರೆ ಒಳಗೆ ಸಿಡಿಯುತ್ತೆ. ಕಮ್ಮಾರ ಇಲ್ಲದೆ ಬಾವಿ ಇಲ್ಲ. ಮಾವನಿಗೆ ನನ್ನ ನಮಸ್ಕಾರ ಹೇಳಿ, ಸರಿಯಾದ ಪ್ರಶ್ನೆ.

ಪಿಟ್ಸ್‌ಬರ್ಗ್_ಪುಟ್ಟಿ:
ಬಸಣ್ಣ ಹೇಳಿದ್ದು ನೂರಕ್ಕೆ ನೂರು. ಡ್ರೇಕ್ ಬಾವಿ ಕೊರೆದವನು ಕಮ್ಮಾರನೇ! ವಿಲಿಯಂ ಸ್ಮಿತ್, ಎಲ್ಲರೂ ಅಂಕಲ್ ಬಿಲ್ಲಿ ಅನ್ನುತ್ತಿದ್ದರು. ಉಪ್ಪುನೀರಿನ ಬಾವಿಗಳಿಗೆ ಉಪಕರಣ ಮಾಡುತ್ತಿದ್ದವನು. ಉಳಿಯನ್ನ ತಾನೇ ಮಾಡಿ ತಂದ, ತಾನೇ ಕೊರೆದ. ಶನಿವಾರ ಕೆಲಸ ನಿಲ್ಲಿಸಿ ಹೋಗಿದ್ದ. ಭಾನುವಾರ ಬಂದು ಪೈಪಿನೊಳಗೆ ಇಣುಕಿದಾಗ ಎಣ್ಣೆ ಮೇಲೆ ಬಂದಿದ್ದನ್ನ ಮೊದಲು ನೋಡಿದವನೂ ಅವನೇ. ಡ್ರೇಕ್ ಅಲ್ಲಿ ಇರಲೇ ಇಲ್ಲ.

ಪೀಣ್ಯದ_ಅಳಿಯ:
ಮಾವನಿಗೆ ಓದಿ ಹೇಳಿದೆ. "ನೋಡಿದ್ಯಾ, ಹೆಸರು ಮಾತ್ರ ಆಫೀಸಿನವನದ್ದು" ಅಂದರು. ಮುಂದಿನ ಸಲ ಕೆಜಿಎಫ್‌ಗೆ ಕರೆದುಕೊಂಡು ಹೋಗು ಅನ್ನುತ್ತಿದ್ದಾರೆ. ಚಾಂಪಿಯನ್ ರೀಫ್ ಸರ್, ಹೊರಗಿನಿಂದಲಾದರೂ ಏನು ನೋಡಬಹುದು?

ಚಾಂಪಿಯನ್_ರೀಫ್:
ಬನ್ನಿ ಸರ್. ಭಾನುವಾರ ಆದರೆ ನಾನೇ ಜೊತೆಗೆ ಬರುತ್ತೇನೆ. ಶಾಫ್ಟ್‌ನ ಗೋಪುರ ದೂರದಿಂದ ಕಾಣುತ್ತೆ.

ಹಾಸನದ_ಹೈದ:
ಎಲ್ಲ ಸರಿ, ಅಸ್ಸಾಂನಿಂದ ಟೀಪುಡಿ ತಂದ್ರಾ ಇಲ್ವಾ?